ಹಸಿರು ದೀಪ ನಂಬಿ ಬ್ರನೋಗೆ ಹೋಗಿದ್ದು

ಕೊಟ್ಟೂರು

ವಿದೇಶಕ್ಕೆ ಹೋಗಿಬಂದವರು ಅಲ್ಲಿನ ರಸ್ತೆ, ಅಲ್ಲಿನ ಶಿಸ್ತು, ಅಲ್ಲಿನ ಕಸದ ಡಬ್ಬಿಗಳ ಬಗ್ಗೆ ಹೇಳುವುದು ರೂಢಿ. ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳಿದ್ದೇನೆ. ಚೆಕ್ ದೇಶದ ಬ್ರನೋ ಚೆಂದದ ಊರು, ಟ್ರಾಮು ಹೇಳಿದ ಹೊತ್ತಿಗೆ ಬರುತ್ತದೆ, ಬ್ರೆಡ್ಡು ನಮ್ಮ ಕಟಕ ರೊಟ್ಟಿಗಿಂತ ಗಟ್ಟಿ. ಎಲ್ಲ ನಿಜ. ಆದರೆ ಆ ಊರಿಗೆ ನಾನು ಹೋಗಬಾರದಿತ್ತು. ಹೋಗುವುದೇ ಆಗಿದ್ದರೆ ಆ ಪೆಟ್ಟಿಗೆಯನ್ನಾದರೂ ಮನೆಯಲ್ಲಿ ಬಿಟ್ಟು ಹೋಗಬೇಕಿತ್ತು.

ಪೆಟ್ಟಿಗೆ ನನ್ನ ಅಕ್ಕನದು. ಶಾಂತಕ್ಕ ಕೊಟ್ಟೂರಿನಲ್ಲಿ ಹೆಸರು ಮಾಡಿದ ಟೇಲರ್. ಮದುವೆಯ ರವಿಕೆ ಎಂದರೆ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯಿಂದಲೂ ಅವಳಲ್ಲಿಗೇ ಬರುತ್ತಿದ್ದರು. ನನ್ನನ್ನು ಓದಿಸಿದ್ದು, ಹರಪನಹಳ್ಳಿಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಡಂ ಮಾಡಿದ್ದು ಅವಳ ಹೊಲಿಗೆ ಯಂತ್ರವೇ. ತಾನು ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಇದ್ದಾಳೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ಹೋಯಿತು, ಕೈಕಾಲು ಹೋದವು. ತಲೆ ಮಾತ್ರ ಮೊದಲಿನಷ್ಟೇ ಚುರುಕು. ಬಾಯಿಂದ ಬರುವುದು ಒಂದೇ ಸದ್ದು, ಊಂ. ಅವಳ ಪಾಲಿಗೆ ಅದರಲ್ಲಿ ಎರಡಿತ್ತು, ಒಂದು ‘ಹೂಂ’, ಇನ್ನೊಂದು ‘ಊಹೂಂ’. ನಮ್ಮ ಕಿವಿಗೆ ಎರಡೂ ಒಂದೇ. ಹಸಿವಿಲ್ಲ ಎಂದರೆ ಉಣ್ಣಿಸುತ್ತಿದ್ದೆವು, ಉಣ್ಣುತ್ತೇನೆ ಎಂದರೆ ತಟ್ಟೆ ಎತ್ತುತ್ತಿದ್ದೆವು.

ನನಗೆ ಗೊತ್ತಿದ್ದ ವಿದ್ಯೆ ಒಂದಿತ್ತು, ಅದನ್ನು ಅಕ್ಕನಿಗಾಗಿ ಹೂಡಿದೆ. ಕೆಲವು ಎಲೆಕ್ಟ್ರಾನಿಕ್ ಚಿಪ್ಪುಗಳ ಒಳಗಿನ ಜೋಡಣೆಯನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ನೇಯ್ದದ್ದನ್ನು ಬಿಚ್ಚಿ ಮತ್ತೆ ನೇಯ್ದ ಹಾಗೆ. ಆ ಜೋಡಣೆಯನ್ನು ಎಂಜಿನಿಯರು ಕೂತು ಬರೆಯುವುದು ಒಂದು ದಾರಿ. ಅದಕ್ಕೆ ಬದಲು ಕಂಪ್ಯೂಟರಿಗೇ ಬಿಡುವುದು ಇನ್ನೊಂದು ದಾರಿ. ಅದು ಮನಸ್ಸಿಗೆ ಬಂದಂತೆ ನೂರಾರು ಜೋಡಣೆ ಹುಟ್ಟಿಸುತ್ತದೆ, ಒಂದೊಂದನ್ನೂ ಚಿಪ್ಪಿಗೆ ಹಾಕಿ ಪರೀಕ್ಷೆ ಮಾಡುತ್ತದೆ, ತಕ್ಕಮಟ್ಟಿಗೆ ಕೆಲಸ ಮಾಡಿದವನ್ನು ಉಳಿಸಿಕೊಂಡು ಉಳಿದವನ್ನು ಎಸೆಯುತ್ತದೆ. ಉಳಿಸಿಕೊಂಡವನ್ನು ಒಂದಕ್ಕೊಂದು ಬೆರೆಸಿ ಮರಿ ಮಾಡಿಸುತ್ತದೆ. ಮರಿಗಳಿಗೂ ಅದೇ ಪರೀಕ್ಷೆ. ಹಿರೇಹಡಗಲಿಯಲ್ಲಿ ಕುರಿ ಸಾಕುತ್ತಿದ್ದ ನಮ್ಮಜ್ಜ ಮಾಡುತ್ತಿದ್ದದ್ದೂ ಇದನ್ನೇ. ಚಲೋ ಟಗರನ್ನು ಹಿಂಡಿಗೆ ಬಿಡುವುದು, ಉಳಿದವನ್ನು ಸಂತೆಗೆ ಹೊಡೆಯುವುದು.

ಪರೀಕ್ಷೆ ಏನೆಂದರೆ, ಅಕ್ಕನ ಎರಡು ಊಂಕಾರಗಳನ್ನು ಬೇರೆ ಮಾಡಿ ಹೇಳುವುದು. ಹೂಂ ಎಂದರೆ ಹಸಿರು ದೀಪ, ಊಹೂಂ ಎಂದರೆ ಕೆಂಪು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಕೇಳಿ ಅವಳ ಊಂಗಳನ್ನು ಮುದ್ರಿಸಿಕೊಂಡೆ. ಅವಳ ಕೋಣೆಯಲ್ಲೇ ಮಂಚದ ಪಕ್ಕದಲ್ಲಿ ತಲೆಮಾರಿನ ಮೇಲೆ ತಲೆಮಾರು ಜೋಡಣೆಗಳು ಹುಟ್ಟಿ ಸತ್ತವು. ಕಡೆಗೊಂದು ದಿನ ಒಂದು ಜೋಡಣೆ ತಪ್ಪೇ ಮಾಡದೆ ನಿಂತಿತು; ಆ ಚಿಪ್ಪನ್ನು ಮೈಕು, ದೀಪಗಳ ಜೊತೆ ಒಂದು ಪೆಟ್ಟಿಗೆಯಲ್ಲಿ ಕೂರಿಸಿದೆ. ಹೇಗೆ ಗುರುತು ಹಿಡಿಯುತ್ತದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಅದನ್ನು ನಾನು ಮಾಡಿದ್ದಲ್ಲ, ಅದು ಬೆಳೆದದ್ದು.

ಆಮೇಲೆ ಮನೆಯಲ್ಲಿ ಕೆಂಪು ದೀಪದ ದರ್ಬಾರು ಶುರುವಾಯಿತು. ಸಾರಿಗೆ ಉಪ್ಪು ಸರಿ ಇದೆಯೇ? ಕೆಂಪು. ಟೀವಿ ಹಾಕಲೇ? ಕೆಂಪು. ತೆಲಿಗಿಯಲ್ಲಿರುವ ನಮ್ಮ ಸಂಬಂಧದ ಹುಡುಗಿ ಹೊಲಿಗೆ ಕಲಿಯುತ್ತಿದ್ದಾಳೆ, ಸುಮ್ಮನೆ ನಿಂತಿರುವ ಯಂತ್ರ ಅವಳಿಗೆ ಕೊಡೋಣವೇ? ಕಡುಕೆಂಪು. ನಮ್ಮ ಮನೆಯವರು ಹಾರ್ಡ್‌ವೇರ್ ಅಂಗಡಿಯಿಂದ ಬಂದು ಮೊದಲು ನೋಡುತ್ತಿದ್ದದ್ದು ಆ ದೀಪವನ್ನೇ. “ನಿಮ್ಮಕ್ಕ ಮಾತಾಡೂ ಹೊತ್ತಿನ್ಯಾಗೂ ಇಷ್ಟು ಬ್ಯಾಡ ಅಂದಿರಲಿಲ್ಲ ಬಿಡು” ಎಂದು ನಗುತ್ತಿದ್ದರು. ಅಕ್ಕನ ಕಣ್ಣೂ ನಗುತ್ತಿತ್ತು.

ಇದರ ಬಗ್ಗೆ ನಾನು ಬರೆದದ್ದನ್ನು ಓದಿ ಬ್ರನೋದಿಂದ ಕರೆ ಬಂತು. ಇಂಥ ಸರ್ಕ್ಯೂಟುಗಳನ್ನು ಬೆಳೆಸುವವರ ಸಣ್ಣ ಸಭೆ, ಪೆಟ್ಟಿಗೆ ತಂದು ತೋರಿಸಿ ಎಂದರು. ಅದೇ ಕಂಪನಿಯ, ಅದೇ ನಮೂನೆಯ ಹೊಸ ಚಿಪ್ಪು ತರಿಸಿ, ಹಳೆಯದರ ಜೋಡಣೆಯನ್ನೇ ಅದಕ್ಕೆ ನಕಲು ಮಾಡಿ, ಇನ್ನೊಂದು ಪೆಟ್ಟಿಗೆ ಕಟ್ಟಿದೆ. ಎರಡರಲ್ಲಿ ಯಾವುದನ್ನು ಒಯ್ಯುವುದು ಎಂದು ನಾನು ಯೋಚಿಸಲೂ ಇಲ್ಲ. ಹೊಸದು ಮನೆಯ ಹಿರಿಯಳಿಗೆ, ಹಳೆಯದು ನನಗೆ. ಸೀರೆಯಿದ್ದರೂ ಹಾಸಿಗೆಯಿದ್ದರೂ ನಮ್ಮಲ್ಲಿ ಹಾಗೇ.

ಹೊರಡುವ ದಿನ ಹೊಸ ಪೆಟ್ಟಿಗೆ ಜೋಡಿಸಿ ಕೇಳಿದೆ. “ಅಕ್ಕಾ, ಹೋಗಿ ಬರ್ಲೇನು?” ಹಸಿರು. “ಹೊಸಾದು ಚಲೋ ಐತೇನು?” ಹಸಿರು. ಇನ್ನು ಅವಳಿಂದ ಒಂದು ‘ಬೇಡ’ ಹೇಳಿಸಿ ನೋಡಬೇಕೆಂದು ಬಾಯಿ ತೆರೆದೆ. ಅಕ್ಕನನ್ನು ನೋಡಿಕೊಳ್ಳುವ ಪಕ್ಕದ ಮನೆಯ ಜೈನಬಿ ನನ್ನ ಕೈ ಹಿಡಿದಳು.

“ಹೊಂಟು ನಿಂತ ಹೊತ್ತಿನ್ಯಾಗ ಹಿರೇರ ಬಾಯಿಲೆ ಬ್ಯಾಡ ಅನಸ್ಬ್ಯಾಡ್ರಿ ಮೇಡಂ. ದಾರಿಗೆ ಒಳ್ಳೇದಲ್ಲ.”

ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಕ್ಕೂ ಹಿಂಜರಿಯುವ ಜನ ನಾವು. ಜೈನಬಿ ಹೇಳದಿದ್ದರೂ ನಾನೇ ನಿಲ್ಲಿಸುತ್ತಿದ್ದೆನೇನೋ. ಹರಪನಹಳ್ಳಿಯಲ್ಲಿ ಹುಡುಗರಿಗೆ ಪಾಠ ಹೇಳುವಾಗ, ಎರಡೂ ಕಡೆಯಿಂದ ಪರೀಕ್ಷೆ ಮಾಡದ ಸರ್ಕ್ಯೂಟನ್ನು ನನ್ನ ಮುಂದೆ ತರಬೇಡಿ ಎಂದು ಗದರುವವಳು ನಾನು. ಅವತ್ತು ಹಸಿರನ್ನಷ್ಟೇ ನೋಡಿ ಬ್ಯಾಗು ಎತ್ತಿದೆ.

ಬ್ರನೋ, ಮಾರ್ತಾಳ ಮನೆ

ಫೆಬ್ರವರಿ. ನಮ್ಮಲ್ಲಿ ಆಗಲೇ ಮಡಕೆ ನೀರು ಹುಡುಕುವ ಕಾಲ. ಅಲ್ಲಿ ಮರಗಳಿಗೆ ಒಂದೆಲೆ ಇಲ್ಲ, ಬೀದಿಯ ಅಂಚಿನಲ್ಲಿ ಹಿಮ ಕೊಳೆಯಾಗಿ ಬಿದ್ದಿತ್ತು. ನಾನು ಉಳಿದದ್ದು ಮಾರ್ತಾ ಎಂಬ ವಯಸ್ಸಾದ ಹೆಂಗಸಿನ ಮನೆಯ ಒಂದು ಕೋಣೆಯಲ್ಲಿ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದಳು. ಈ ದೇಶದವರು ಬೂಟು ಹಾಕಿಕೊಂಡೇ ಮಲಗುತ್ತಾರೆ ಎಂದು ಯಾರೋ ನನ್ನ ತಲೆಯಲ್ಲಿ ತುಂಬಿದ್ದರು. ಇಲ್ಲಿ ನೋಡಿದರೆ ನಮ್ಮ ಮನೆಗಿಂತ ಮಡಿ. ಬಂದವರಿಗೆಂದೇ ಒಂದು ಸಾಲು ಮೆತ್ತನೆಯ ಚಪ್ಪಲಿ ಇಟ್ಟಿದ್ದಳು. ಎಲ್ಲವೂ ನನ್ನ ಪಾದಕ್ಕೆ ದೋಣಿ. ಅವುಗಳಲ್ಲಿ ಜಾರಿ ಒಮ್ಮೆ ಅವಳ ಪಿಂಗಾಣಿ ಬೆಕ್ಕನ್ನು ಒಡೆದೆ. ಅವಳು ಚೂರುಗಳನ್ನು ಗುಡಿಸುತ್ತಾ, ಹೇಗೂ ತನಗೆ ಆ ಬೆಕ್ಕು ಕಂಡರೆ ಆಗುತ್ತಿರಲಿಲ್ಲ ಎಂದಳು. ಅಂಥ ಸುಳ್ಳು ನಮ್ಮೂರಿನಲ್ಲೂ ಹೇಳುತ್ತಾರೆ. ನೆಂಟರ ಮಗು ಲೋಟ ಒಡೆದರೆ ದೃಷ್ಟಿ ಹೋಯಿತು ಎನ್ನುತ್ತೇವಲ್ಲ, ಹಾಗೆ.

ಆ ಊರಿನವರ ಇನ್ನೊಂದು ಗುಣ ನನ್ನನ್ನು ಬೆರಗುಗೊಳಿಸಿತು. ರಸ್ತೆ ದಾಟುವಲ್ಲಿ ನಡೆಯುವವರಿಗೂ ದೀಪವಿದೆ. ಅದು ಕೆಂಪಿದ್ದರೆ ಯಾರೂ ಕದಲುವುದಿಲ್ಲ. ಎರಡೂ ಕಡೆ ಕಣ್ಣು ಹಾಯಿಸಿದಷ್ಟು ದೂರ ಒಂದು ಸೈಕಲ್ಲೂ ಇಲ್ಲ, ಚಳಿಗೆ ಮೂಗು ಉದುರುತ್ತಿದೆ, ಆದರೂ ಕಂಬದ ಹಾಗೆ ನಿಂತಿರುತ್ತಾರೆ. ಹಸಿರು ಬಂದದ್ದೇ ತಡ, ರಸ್ತೆಯ ಕಡೆ ತಿರುಗಿಯೂ ನೋಡದೆ ಇಳಿಯುತ್ತಾರೆ. ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಮುಂದೆ ನಾವು ದಾಟುವುದು ಲಾರಿ ಚಾಲಕನ ಕಣ್ಣು ನೋಡಿಕೊಂಡು; ಅವನು ನಿಲ್ಲಿಸುವವನೋ ಅಲ್ಲವೋ ಮುಖದಲ್ಲೇ ಗೊತ್ತಾಗುತ್ತದೆ. ದೀಪ ನಂಬಿ ಬದುಕುವ ಊರು ಎಷ್ಟು ಸುಖಿ ಎಂದು ಅವತ್ತು ನನಗೆ ಹೊಟ್ಟೆಕಿಚ್ಚಾಯಿತು.

ಪಾವೆಲನ ಪ್ರಯೋಗಾಲಯ

ಸಭೆ ಕರೆದಿದ್ದ ಪ್ರೊಫೆಸರ್ ಪಾವೆಲ್ ಉದ್ದನೆಯ, ಮೆತ್ತನೆ ಮಾತಿನ ಮನುಷ್ಯ. ಏನು ಮುಟ್ಟುವುದಕ್ಕೂ ಮುಂಚೆ ಮುಟ್ಟಬಹುದೇ ಎಂದು ಕೇಳುತ್ತಿದ್ದ. ಅವನ ಪ್ರಯೋಗಾಲಯದ ಮೇಜಿನ ಮೇಲೆ ಹಳೆ ಪೆಟ್ಟಿಗೆ ಇಟ್ಟು, ಅಕ್ಕನ ಧ್ವನಿಮುದ್ರಣ ಹಾಕಿದೆ. ಹಸಿರೂ ಇಲ್ಲ, ಕೆಂಪೂ ಇಲ್ಲ. ಸತ್ತ ಹಾಗೆ ಬಿದ್ದಿತ್ತು.

ನನಗೆ ಬೆವರು ಬಂತು, ಆ ಚಳಿಯಲ್ಲೂ. ತಂತಿ ಬಿಚ್ಚಿ ಹಾಕಿದೆ, ತಟ್ಟಿದೆ. ಕಡೆಗೆ ಏನೂ ತೋಚದೆ ಪೆಟ್ಟಿಗೆಯನ್ನು ಎತ್ತಿ ಶಾಲಿನೊಳಗೆ ಎದೆಗೆ ಒತ್ತಿಕೊಂಡು ಕೂತೆ. ಮೈ ಶಾಖಕ್ಕೆ ಅದು ನಿಧಾನವಾಗಿ ಬಿಸಿಯಾಯಿತು. ಧ್ವನಿಮುದ್ರಣ ಮತ್ತೆ ಹಾಕಿದಾಗ ಶಾಲಿನೊಳಗಿಂದಲೇ ಮೊದಲು ಹಸಿರು, ಆಮೇಲೆ ಕೆಂಪು ಸರಿಯಾಗಿ ಮಿನುಗಿದವು.

“ಇದಕ್ಕೆ ಮನೆ ನೆನಪಾಗಿದೆ” ಎಂದ ಪಾವೆಲ್.

ಬೆಳೆದ ಸರ್ಕ್ಯೂಟುಗಳು ಹೀಗೇ, ಹುಟ್ಟಿದ ಕೋಣೆಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿದಿರುತ್ತವೆ ಎಂದು ಅವನು ವಿವರಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೋಣೆಗೆ ಇಷ್ಟು ಒಗ್ಗಿಕೊಂಡದ್ದು ತನ್ನ ಚಿಪ್ಪಿಗೆ ಇನ್ನೆಷ್ಟು ಒಗ್ಗಿಕೊಂಡಿರಬೇಕು ಎಂದು ಆ ಕ್ಷಣವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದಾಗ ಬುದ್ಧಿ ಸ್ವಲ್ಪ ದೂರ ಹೋಗಿ ಕೂತುಬಿಡುತ್ತದೆ.

ಮನೆಯಿಂದ ಕರೆ

ಮರುದಿನ ಬೆಳಿಗ್ಗೆ ಮಾರ್ತಾ ನನ್ನ ತಟ್ಟೆಗೆ ಮೂರನೇ ತುಂಡು ಬ್ರೆಡ್ಡು ಹಾಕುತ್ತಿದ್ದಾಗ ಮನೆಯವರ ವಿಡಿಯೋ ಕರೆ ಬಂತು. ಮುಖದ ತುಂಬ ನಗು.

“ನೋಡಿಲ್ಲಿ, ನಿಮ್ಮಕ್ಕಾರ ಹೊಸಾ ಅವತಾರ!”

ಪರದೆಯಲ್ಲಿ ಅಕ್ಕ. ತಲೆಗೂದಲು ಕಿವಿಯವರೆಗೆ ಕತ್ತರಿಸಿತ್ತು. ಅಕ್ಕನ ಕೂದಲು ಎಂಥದ್ದೆಂದರೆ, ಅಳತೆ ಕೊಡಲು ಬಂದ ಹೆಂಗಸರು ರವಿಕೆಯ ಮಾತು ಬಿಟ್ಟು ಯಾವ ಎಣ್ಣೆ ಹಚ್ಚುತ್ತೀ ಎಂದು ಕೇಳುತ್ತಿದ್ದರು. ಮಂಡಿಯವರೆಗೆ ಬರುತ್ತಿತ್ತು. ಹಾಸಿಗೆ ಹಿಡಿದ ಮೇಲೂ ಜೈನಬಿ ದಿನಾ ಬಾಚಿ ಹೆಣೆಯುತ್ತಿದ್ದಳು.

“ಇದೇನ್ರಿ ಇದು?”

“ಮಲಗಿ ಮಲಗಿ ಜಡಿಗಟ್ಟಿ ನೆತ್ತಿ ಹುಣ್ಣಾಗಾಕತ್ತಿತ್ತು. ನಾವs ಕತ್ತರಿಸಿಲ್ಲ ಮತ್ತ. ಅಕ್ಕಾರ್ನ ಕೇಳೀವಿ. ಹಸಿರು ಬಂತು. ಜೈನಬೀನೂ ನೋಡ್ಯಾಳ.”

“ಹೌದ್ರಿ ಮೇಡಂ” ಎಂದಳು ಹಿಂದಿನಿಂದ ಜೈನಬಿ. “ಹೂಂ ಅಂದ ಮ್ಯಾಲೇ ನಾ ಕತ್ತರಿ ಹಿಡಿದದ್ದು.”

ಅಕ್ಕನೇ ಒಪ್ಪಿದ ಮೇಲೆ ನನ್ನದೇನು? “ಭಾಳ ಚಲೋ ಕಾಣ್ತೀ ಅಕ್ಕಾ, ಸಣ್ಣಾಕಿ ಆಗೀದಿ” ಎಂದೆ. ಅಕ್ಕ ಊಂ ಎಂದಳು. ಅವಳ ತಲೆಯ ಹಿಂದೆ ಹಸಿರು ದೀಪ ಹತ್ತಿತು. ನನಗೆ ಸಂತೋಷವಾಯಿತು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೆ ನಿಜವಾಗಿ ಸಂತೋಷವೇ ಆಯಿತು.

ಪರದೆಯ ಚಿತ್ರವನ್ನು ಮಾರ್ತಾಳಿಗೆ ತೋರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿ, “ಈಕೆಗೆ ಏನು ನೋವು?” ಎಂದು ಕೇಳಿದಳು.

ನೋವೇನಿಲ್ಲ, ಒಪ್ಪಿಕೊಂಡೇ ಕತ್ತರಿಸಿಕೊಂಡಿದ್ದಾಳೆ ಎಂದು ನಾನು ದೀಪದ ಕಥೆಯನ್ನೆಲ್ಲ ವಿವರಿಸಿದೆ. ಮಾರ್ತಾ ಇನ್ನೊಮ್ಮೆ ಚಿತ್ರ ನೋಡಿ ಫೋನನ್ನು ನನ್ನ ಕೈಗೆ ಕೊಟ್ಟಳು. ಪರದೇಶದವಳಿಗೆ ನಮ್ಮವರ ಮುಖ ಏನು ತಿಳಿಯಬೇಕು ಎಂದುಕೊಂಡೆ.

ಸಭೆ

ಸಭೆಯಲ್ಲಿ ನನ್ನ ಸರದಿ ಬಂದಾಗ ಕೋಣೆ ಬೆಚ್ಚಗಿತ್ತು. ನನಗಾಗಿಯೇ ಬಿಸಿ ಹೆಚ್ಚಿಸಿದ್ದರು. ಹಳೆ ಪೆಟ್ಟಿಗೆ ಒಂದೂ ತಪ್ಪು ಮಾಡಲಿಲ್ಲ. ಅಕ್ಕನ ಹೂಂ, ಹಸಿರು. ಅಕ್ಕನ ಊಹೂಂ, ಕೆಂಪು. ಅಲ್ಲಿದ್ದವರಲ್ಲಿ ಒಬ್ಬರಿಗೂ ಕಿವಿಯಿಂದ ವ್ಯತ್ಯಾಸ ತಿಳಿಯಲಿಲ್ಲ. ನನ್ನ ಎದೆ ಉಬ್ಬಿತು.

ಆಗ ಪಾವೆಲ್ ಎದ್ದು ನಿಂತು, ಇದೇ ನಮೂನೆಯ ಚಿಪ್ಪು ತನ್ನಲ್ಲೂ ಒಂದಿದೆ, ನಿಮ್ಮ ಜೋಡಣೆಯನ್ನು ಅದಕ್ಕೆ ಹಾಕಿ ನೋಡಬಹುದೇ ಎಂದು ಕೇಳಿದ. ಧಾರಾಳವಾಗಿ ಎಂದೆ. ಹಾಕಿದರು. ಹೂಂ ಹಾಕಿದರು, ಹಸಿರು. ಊಹೂಂ ಹಾಕಿದರು.

ಹಸಿರು.

ಇನ್ನೊಮ್ಮೆ ಹಾಕಿದರು. ಹಸಿರು. ಬೇರೆ ಬೇರೆ ದಿನದ ಅಕ್ಕನ ಬೇಡಗಳನ್ನೆಲ್ಲ ಒಂದಾದ ಮೇಲೊಂದು ಹಾಕಿದರು. ಉಪ್ಪಿನ ಬೇಡ, ಟೀವಿಯ ಬೇಡ, ಯಂತ್ರ ಕೊಡುವುದು ಬೇಡ. ಹಸಿರು, ಹಸಿರು, ಹಸಿರು.

ಸಭೆ ಚಪ್ಪಾಳೆ ತಟ್ಟಿತು. ಅವರಿಗೆ ಅದು ಸೋಲಲ್ಲ, ಹಬ್ಬ. ಪ್ರತಿ ಚಿಪ್ಪಿನಲ್ಲೂ ಕಣ್ಣಿಗೆ ಕಾಣದ ಸಣ್ಣ ಓರೆಕೋರೆಗಳಿರುತ್ತವೆ. ಬೆಳೆದ ಸರ್ಕ್ಯೂಟು ಅವನ್ನೇ ಹಿಡಿದುಕೊಂಡು ನಿಲ್ಲುತ್ತದೆ, ಆ ಒಂದು ಚಿಪ್ಪು ಬಿಟ್ಟು ಬೇರೆಲ್ಲೂ ಬದುಕುವುದಿಲ್ಲ. ಇಷ್ಟು ಸ್ಪಷ್ಟವಾಗಿ ಅವರು ಅದನ್ನು ಕಂಡಿರಲಿಲ್ಲವಂತೆ. ಪಾವೆಲ್ ನನ್ನ ಕೈ ಹಿಡಿದು ಕುಲುಕಿದ. ಮನೆಯಲ್ಲಿ ಅಕ್ಕನ ಬಳಿ ಬಿಟ್ಟು ಬಂದದ್ದೂ ಇಂಥದೇ ನಕಲು; ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಸಂತೋಷಕ್ಕೆ ಎಂದುಕೊಂಡು ಅವರು ಇನ್ನಷ್ಟು ಜೋರಾಗಿ ತಟ್ಟಿದರು.

ನಮ್ಮಜ್ಜ ಬೇರೆ ಸೀಮೆಯ ಟಗರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳುತ್ತಿರಲಿಲ್ಲ. ನಮ್ಮ ಹುಲ್ಲು ತಿಂದು ಬೆಳೆಯದ್ದು ನಮ್ಮಲ್ಲಿ ನಿಲ್ಲುವುದಿಲ್ಲ ಎನ್ನುತ್ತಿದ್ದ. ಹಿಂಡಿನಲ್ಲಿ ಆಡಿ ಬೆಳೆದ ನನಗೆ, ಅದನ್ನೇ ಇಂಗ್ಲಿಷಿನಲ್ಲಿ ಪುಸ್ತಕ ಓದಿ ಕಲಿತ ನನಗೆ, ಅದು ನೆನಪಾಗಬೇಕಿದ್ದಾಗ ನೆನಪಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವರಿಗೇ.

ಮೊಗಸಾಲೆಗೆ ಓಡಿ ಮನೆಯವರಿಗೆ ಫೋನು ಹಚ್ಚಿದೆ.

“ನಾ ಬಂದ ಮ್ಯಾಲೆ ಅಕ್ಕಾಗ ಏನೇನು ಕೇಳೀರಿ?”

“ಯಾಕ? ಕೂದ್ಲದ್ದು ಕೇಳಿದ್ವಿ. ಆಮ್ಯಾಲೆ ಮಷೀನ್ ತೆಲಿಗಿ ಹುಡುಗಿಗೆ ಕೊಡ್ಲೇನು ಅಂದೆ. ಭಾಳ ದಿನದಿಂದ ಕೇಳಾಕತ್ತಿದ್ಲಲ್ಲ. ಹಸಿರು ಬಂತು. ಖರೇನs ಅಂತ ಎರಡ್ಮೂರು ಸಲ ಕೇಳೀನಿ. ನಿನ್ನಿ ಬಂದು ಒಯ್ದ್ಲು.”

ನಾನು ನಡೆದದ್ದನ್ನು ಹೇಳಿದೆ. ಅವರು ಅಂಗಡಿಯ ಗದ್ದಲ ಬಿಟ್ಟು ಹೊರಗೆ ಬಂದದ್ದು ಕೇಳಿಸಿತು.

“ಅಂದ್ರ ಆಕಿ ಬ್ಯಾಡ ಅಂದಿದ್ಲೇನು?”

“ಬ್ಯಾಡ ಅಂದಿದ್ಲು.”

“ಜೈನಬಿ ಕತ್ತರಿ ಹಚ್ಚಿದಾಗ ಬಿಡದs ಊಂ ಊಂ ಅಂತಿದ್ಲು. ಹಸಿರು ಆರಾಕs ಒಲ್ದು. ನಾವು ನಕ್ಕೊಂತ, ಅಕ್ಕಾರು ಭಾಳ ಅವಸರದಾಗ ಅದಾರ, ಲಗು ಕತ್ತರಿಸು ಅಂದ್ವಿ.”

“ಕಣ್ಣಾಗ ನೀರು ಬಂದಿತ್ತೇನ್ರಿ?”

“ನಾ ದೀಪ ನೋಡಾಕತ್ತಿದ್ನಲ್ಲ.”

ಮನೆಗೆ ಹೋಗಿ ಆ ಪೆಟ್ಟಿಗೆ ಕಿತ್ತುಹಾಕಿ, ಅಕ್ಕನಿಗೆ ಎಲ್ಲವನ್ನೂ ಹೇಳಿ ಎಂದೆ. ಸ್ವಲ್ಪ ಹೊತ್ತಿಗೆ ತಿರುಗಿ ಫೋನು ಬಂತು. ಎಲ್ಲ ಹೇಳಿದ್ದಾಯಿತು, ಅಕ್ಕ ಕಣ್ಣು ಮುಚ್ಚಿಕೊಂಡಳು, ತೆರೆಯಲಿಲ್ಲ ಎಂದರು.

ಹೊರಟದ್ದು

ಪಾವೆಲ್ ಪೆಟ್ಟಿಗೆಯನ್ನು ಕೆಲವು ವಾರ ತನ್ನಲ್ಲಿ ಬಿಡಲು ಸಾಧ್ಯವೇ ಎಂದು ಸಂಕೋಚದಿಂದಲೇ ಕೇಳಿದ. ಅದರ ಒಳಗುಟ್ಟನ್ನು ಪೂರ್ತಿ ಅಳೆದು ನೋಡುವ ಆಸೆ ಅವನಿಗೆ. ಅದು ನನ್ನ ಅಕ್ಕನ ನಾಲಿಗೆ, ಬಿಟ್ಟು ಹೋಗಲಾರೆ ಎಂದೆ. ಅವನು ಮತ್ತೆ ಕೇಳಲಿಲ್ಲ. ಉಳಿದ ಭಾಷಣಗಳನ್ನು ಬಿಟ್ಟು ಟಿಕೆಟ್ಟನ್ನು ಮುಂಚಿನ ದಿನಕ್ಕೆ ಬದಲಿಸಿಕೊಂಡೆ. ಟ್ರಾಮು ಹಿಡಿಯಲು ಓಡುವಾಗ ಕೆಂಪು ದೀಪವಿದ್ದರೂ ರಸ್ತೆ ದಾಟಿದೆ. ಮುದುಕನೊಬ್ಬ ಬಡಿಗೆ ಎತ್ತಿ ಬೈದ. ಅವನ ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು.

ಮಾರ್ತಾ ಬಾಗಿಲಲ್ಲಿ ನಿಂತು, ಅಕ್ಕನಿಗೆಂದು ತಾನು ಹೆಣೆದ ಉಣ್ಣೆಯ ಟೋಪಿ ಕೊಟ್ಟಳು. ಕತ್ತರಿಸಿದ ತಲೆಗೆ ಚಳಿಯಾಗುತ್ತದೆ ಎಂದಳು. ಕೊಟ್ಟೂರಿನಲ್ಲಿ ಚಳಿ ಇಲ್ಲ ಎಂದು ನಾನು ಹೇಳಲಿಲ್ಲ. ಅಕ್ಕನ ಚಿತ್ರ ನೋಡಿ ಅವಳು ಕೇಳಿದ ಮಾತಿಗೆ ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ ಎಂದಷ್ಟೇ ಹೇಳಿದೆ.

ವಿಮಾನ ನಿಲ್ದಾಣದಲ್ಲಿ ತಂತಿಯ ಪೆಟ್ಟಿಗೆ ಕಂಡು ತಡೆದು ನಿಲ್ಲಿಸಿದರು. ಏನಿದು ಎಂದಳು ಪಹರೆಯ ಹುಡುಗಿ. ನನ್ನ ಅಕ್ಕನ ಹೌದು ಮತ್ತು ಅಲ್ಲ ಎಂದೆ. ಅವಳು ಮೇಲಿನವರನ್ನು ಕರೆದಳು. ಅವರಿಗೂ ಎಲ್ಲ ವಿವರಿಸಿ, ಬಿಡುವ ಹೊತ್ತಿಗೆ ವಿಮಾನ ಹತ್ತುವ ಕಡೆಯ ಪ್ರಯಾಣಿಕಳು ನಾನಾಗಿದ್ದೆ. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ಶಾಲಿನೊಳಗೆ ಇಟ್ಟುಕೊಂಡು ಬಂದೆ.

ಮತ್ತೆ ಕೊಟ್ಟೂರು

ನಾನು ತಲುಪುವ ಮುಂಚೆಯೇ ಮನೆಯವರು ತೆಲಿಗಿಗೆ ಹೋಗಿ ಯಂತ್ರ ತಂದು ಮೊದಲಿದ್ದ ಜಾಗದಲ್ಲೇ ಇಟ್ಟಿದ್ದರು. ಆ ಹುಡುಗಿ ತಾನೇ ಕೈಹಚ್ಚಿ ಗಾಡಿಗೆ ಏರಿಸಿ ಕೊಟ್ಟಳಂತೆ. ಕೂದಲನ್ನು ಎಲ್ಲಿಂದ ತರುವುದು? ಜೈನಬಿ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಕಡೆ ನೋಡಲು ನನಗೂ ಆಗಲಿಲ್ಲ.

ಹಳೆ ಪೆಟ್ಟಿಗೆ ಜೋಡಿಸಿದೆ. ಕೋಣೆ ಬೆಚ್ಚಗಿತ್ತು.

“ಅಕ್ಕಾ, ನಾ ಬಂದೀನಿ. ಗೊತ್ತಾತೇನು?”

ಊಂ. ಹಸಿರು.

“ಕೂದ್ಲ ಕತ್ತರಿಸ್ರಿ ಅಂದಿದ್ದೇನು?”

ಊಂ. ಕೆಂಪು.

“ಮಷೀನ್ ಕೊಡ್ರಿ ಅಂದಿದ್ದೇನು?”

ಕೆಂಪು. ಮನೆಯವರು ಗೋಡೆಗೆ ಒರಗಿ ಕೂತುಬಿಟ್ಟರು.

“ತಪ್ಪಾತು ಅಕ್ಕಾ. ನಾನs ಮಾಡಿದ ತಪ್ಪು. ಹೊಸಾದು ಸುಳ್ಳು ಹೇಳ್ತು. ಇದು ಖರೇ ಹೇಳೂ ಪೆಟ್ಟಿಗಿ. ಇನ್ನ ಇದನ್ನ ಈ ಕೋಣಿ ಬಿಟ್ಟು ಎಲ್ಲೀಗೂ ಒಯ್ಯಂಗಿಲ್ಲ. ಇಲ್ಲೇ ಇರ್ಲೇನು?”

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಊಂ ಎಂದಳು.

ಕೆಂಪು.

ಪ್ರಯಾಣದಲ್ಲಿ ಏನೋ ಕೆಟ್ಟಿರಬೇಕು ಎಂದುಕೊಂಡೆ. ಮುಟ್ಟಿ ನೋಡಿದೆ, ಬೆಚ್ಚಗೇ ಇತ್ತು. ಈ ಸಲ ಇನ್ನೊಂದು ಕಡೆಯಿಂದಲೂ ಕೇಳಿದೆ.

“ಈ ದೀಪ ಬ್ಯಾಡೇನಕ್ಕಾ ನಿನಗ?”

ಊಂ. ಹಸಿರು, ಕೋಣೆಯ ಗೋಡೆಗೆ ಬಣ್ಣ ಬೀಳುವಷ್ಟು ಪ್ರಖರವಾಗಿ.

ಎರಡೂ ಕಡೆಯಿಂದ ಕೇಳಿದ್ದೆ, ಎರಡಕ್ಕೂ ಉತ್ತರ ಸರಿಯಾಗಿ ಬಂದಿತ್ತು. ಆ ಪೆಟ್ಟಿಗೆ ಅಷ್ಟು ಚೆನ್ನಾಗಿ ಎಂದೂ ಕೆಲಸ ಮಾಡಿರಲಿಲ್ಲ. ನಾನು ತಂತಿ ಬಿಚ್ಚಿದೆ.

ಈಗ ಅಕ್ಕ ಊಂ ಎಂದಾಗಲೆಲ್ಲ ನಾವು ಅವಳ ಮುಖ ನೋಡುತ್ತೇವೆ. ಕೆಲವು ಸಲ ತಿಳಿಯುತ್ತದೆ, ಎಷ್ಟೋ ಸಲ ತಿಳಿಯುವುದಿಲ್ಲ. ನಿನ್ನೆ ಸಂಜೆ ಕಿಟಕಿ ಮುಚ್ಚಲೇ ಎಂದು ಕೇಳಿದೆ. ಊಂ ಎಂದಳು. ಮುಚ್ಚಿದೆ. ಮುಚ್ಚಬಾರದಿತ್ತೇನೋ.